ನ್ಯಾರೋ ಗೇಜ್ ರೈಲು ಡಯೋರಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಯಾವ ಕ್ರಮದಲ್ಲಾದರೂ ಓದಬಹುದು. ಆದರೆ ಏನನ್ನಾದರೂ ಕೊಳ್ಳುವ ಮೊದಲು ಸ್ಕೇಲ್ ಬಗ್ಗೆ ಇರುವ ಉತ್ತರವನ್ನು ತಪ್ಪದೆ ಓದಿ. ಅಲ್ಲಿ ಎಡವಿದರೆ ಮುಂದೆ ಎಲ್ಲವೂ ಸೊಟ್ಟಗಾಗುತ್ತದೆ.

ಡಯೋರಮಾಗೂ ಲೇಔಟ್‌ಗೂ ಏನು ವ್ಯತ್ಯಾಸ?

ಎರಡೂ ರೈಲಿನ ಪುಟ್ಟ ಮಾದರಿಗಳೇ. ಲೇಔಟ್‌ನಲ್ಲಿ ರೈಲು ಓಡುವುದೇ ಮುಖ್ಯ. ಡಯೋರಮಾದಲ್ಲಿ ಜಾಗ ಮುಖ್ಯ. ರೈಲು ಅಲ್ಲಿ ನಿಂತಿರಬಹುದು, ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಮರೆಯಾಗಬಹುದು, ಇಲ್ಲದೆಯೂ ಇರಬಹುದು. ಖಾಲಿ ಹಳಿ, ಅದರ ಪಕ್ಕ ಒಂದು ಮುರುಕಲು ಶೆಡ್ಡು ಇದ್ದರೂ ಅದು ಪೂರ್ತಿ ಡಯೋರಮಾ.

ನ್ಯಾರೋ ಗೇಜೇ ಯಾಕೆ? ದೊಡ್ಡ ರೈಲು ಮಾಡಿದರೆ ಆಗಲ್ವಾ?

ಆಗುತ್ತದೆ, ಜಾಗ ಇದ್ದರೆ. ಸ್ಟ್ಯಾಂಡರ್ಡ್ ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1,435 ಮಿ.ಮೀ. ಅದಕ್ಕಿಂತ ಕಿರಿದಾದದ್ದು ನ್ಯಾರೋ ಗೇಜ್. ದುಡ್ಡೂ ಜಾಗವೂ ಕಡಿಮೆ ಇದ್ದ ಕಡೆ ಇಂಥ ಹಳಿ ಹಾಕುತ್ತಿದ್ದರು: ಕಲ್ಲಿನ ಗಣಿ, ಕಾಡು, ಟೀ ತೋಟ, ಕಬ್ಬಿನ ಗದ್ದೆ, ಬೆಟ್ಟದ ದಾರಿ. ಹಾಗಾಗಿ ತಿರುವುಗಳು ಬಿಗಿ, ರೈಲುಗಳು ಗಿಡ್ಡ, ನಿಲ್ದಾಣಗಳು ಪುಟ್ಟವು.

ಡಾರ್ಜಿಲಿಂಗ್ ರೈಲಿನ ಅಗೋನಿ ಪಾಯಿಂಟ್ ತಿರುವನ್ನೇ ನೋಡಿ. ಅದರ ತ್ರಿಜ್ಯ ಸುಮಾರು 18 ಮೀಟರ್. 1:87ಕ್ಕೆ, ಅಂದರೆ 87 ಪಟ್ಟು ಚಿಕ್ಕದಾಗಿ, ಇಳಿಸಿದರೆ 21 ಸೆಂ.ಮೀ. ಆಗುತ್ತದೆ. ಇನ್ನಷ್ಟು ಕುಗ್ಗಿಸದೆಯೇ ಮೇಜಿನ ಮೇಲೆ ಕೂರುತ್ತದೆ. ದೊಡ್ಡ ರೈಲಿನ 300 ಮೀಟರ್ ತ್ರಿಜ್ಯದ ತಿರುವಿಗೆ ಅದೇ ಸ್ಕೇಲ್‌ನಲ್ಲಿ ಸುಮಾರು ಮೂರೂವರೆ ಮೀಟರ್ ತ್ರಿಜ್ಯ ಬೇಕು. ಅಷ್ಟು ಜಾಗ ಯಾರ ಹತ್ತಿರ ಇದೆ?

ಸ್ಕೇಲ್, ಗೇಜ್, ಓಓ9, ಓಎನ್30... ಈ ಹೆಸರುಗಳಿಂದ ತಲೆ ಕೆಡುತ್ತಿದೆ. ಬಿಡಿಸಿ ಹೇಳ್ತೀರಾ?

ಸ್ಕೇಲ್ ಅಂದರೆ ನಿಜವಾದ ವಸ್ತುವನ್ನು ಎಷ್ಟು ಪಟ್ಟು ಚಿಕ್ಕದು ಮಾಡಿದ್ದೀರಿ ಅನ್ನುವುದು. ಗೇಜ್ ಅಂದರೆ ನಿಮ್ಮ ಮಾದರಿ ಹಳಿಗಳ ನಡುವಿನ ಅಂತರ. ಎರಡೂ ಬೇರೆ ಬೇರೆ. ಒಂದೇ ಹಳಿಯನ್ನು ಎರಡು ಮೂರು ಸ್ಕೇಲ್‌ಗಳವರು ಬಳಸುವುದರಿಂದಲೇ ಈ ಗೊಂದಲ.

ಉದಾಹರಣೆಗೆ 9 ಮಿ.ಮೀ. ಹಳಿ. ಇದು ಮೂಲತಃ 1:160ರ ಎನ್ ಸ್ಕೇಲ್‌ನದು. ಅದೇ ಹಳಿಯ ಮೇಲೆ 1:87ರ ಬೋಗಿ ಇಟ್ಟರೆ 783 ಮಿ.ಮೀ. ಗೇಜ್ ಆಗುತ್ತದೆ. ಯುರೋಪಿನ 750, 760 ಮಿ.ಮೀ. ರೈಲುಗಳಿಗೆ ಇದು ಹತ್ತಿರ. ಇದನ್ನು ಎಚ್‌ಓಇ ಎನ್ನುತ್ತಾರೆ. 1:76.2ರ ಬೋಗಿ ಇಟ್ಟರೆ ಅದು ಬ್ರಿಟಿಷರ ಓಓ9. ಆಗ ಗೇಜ್ 686 ಮಿ.ಮೀ. ಬರುತ್ತದೆ. ವೇಲ್ಸ್‌ನ ಟ್ಯಾಲಿಲಿನ್ ರೈಲಿನ ಗೇಜ್ ಸರಿಯಾಗಿ ಅಷ್ಟೇ! ಉಳಿದವರು ಸ್ವಲ್ಪ ಹೆಚ್ಚುಕಡಿಮೆ ಸಹಿಸಿಕೊಳ್ಳುತ್ತಾರೆ.

16.5 ಮಿ.ಮೀ. ಹಳಿ ಎಚ್‌ಓ (1:87) ಮತ್ತು ಓಓ (1:76.2) ಸ್ಕೇಲ್‌ಗಳದು. ಅದರ ಮೇಲೆ 1:48ರ ಬೋಗಿ ಇಟ್ಟರೆ ಓಎನ್30. ಕೊನೆಯ 30 ಅಂದರೆ 30 ಇಂಚು, ಅಂದರೆ 762 ಮಿ.ಮೀ. ಲೆಕ್ಕ ಹಾಕಿದರೆ 792 ಬರುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಅಮೆರಿಕದ ಮೂರು ಅಡಿ ಗೇಜ್, ಅಂದರೆ 914 ಮಿ.ಮೀ., ಬೇಕಾದರೆ 1:87ರಲ್ಲಿ ಎಚ್‌ಓಎನ್3 ಇದೆ. ಅದರ ಹಳಿ 10.5 ಮಿ.ಮೀ. ಮೀಟರ್ ಗೇಜ್‌ಗೆ 12 ಮಿ.ಮೀ. ಹಳಿಯ ಎಚ್‌ಓಎಂ. ತೋಟದಲ್ಲಿ ಓಡಿಸುವ ಎಲ್‌ಜಿಬಿ ರೈಲುಗಳು 1:22.5, ಹಳಿ 45 ಮಿ.ಮೀ.

ಗೊತ್ತಿಲ್ಲದ ಹೆಸರು ಎದುರಾದರೆ ಹಳಿಯ ಅಗಲವನ್ನು ಸ್ಕೇಲ್‌ನಿಂದ ಗುಣಿಸಿ. ಬಂದ ಸಂಖ್ಯೆ ನಿಜವಾದ ರೈಲಿನ ಗೇಜ್‌ಗೆ ಹತ್ತಿರ ಇದ್ದರೆ ಸಾಕು.

ಸರಿ, ಹೊಸಬರು ಯಾವುದರಿಂದ ಶುರು ಮಾಡಬೇಕು?

ವಿವರಗಳ ಹುಚ್ಚು ಇದ್ದರೆ ಓಎನ್30. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. 1:87ರಲ್ಲಿ 1.7 ಮೀಟರ್ ಎತ್ತರದ ಮನುಷ್ಯ 20 ಮಿ.ಮೀ.ಗಿಂತ ತುಸು ಗಿಡ್ಡ. 1:48ರಲ್ಲಿ ಅವನು 35 ಮಿ.ಮೀ. ಮುಖ ಕಾಣುತ್ತದೆ, ಅಂಗಿಯ ಮಡಿಕೆ ಕಾಣುತ್ತದೆ, ಬಾಗಿಲಿನ ಚಿಲಕವನ್ನೂ ಕೈಯಲ್ಲೇ ಮಾಡಬಹುದು. ಚಕ್ರ, ಮೋಟಾರು, ಹಳಿ ಎಲ್ಲವೂ ಎಚ್‌ಓದ್ದೇ ಆದ್ದರಿಂದ ಸುಲಭವಾಗಿ ಸಿಗುತ್ತವೆ. ಬ್ಯಾಕ್‌ಮನ್ ಕಂಪನಿ 1990ರ ದಶಕದ ಕೊನೆಯಲ್ಲಿ ಸಿದ್ಧ ಓಎನ್30 ರೈಲುಗಳನ್ನು ತಂದಮೇಲೆ ಈ ದಾರಿ ಇನ್ನಷ್ಟು ಸಲೀಸಾಯಿತು.

ಕಣಿವೆ, ಸೇತುವೆ, ಗುಡ್ಡ ಎಲ್ಲ ಬೇಕು ಅನ್ನುವವರಿಗೆ 9 ಮಿ.ಮೀ. ಹಳಿಯೇ ಸರಿ. 60 ಸೆಂ.ಮೀ. ಹಲಗೆಯಲ್ಲಿ 1:87ರವರಿಗೆ 52 ಮೀಟರ್ ಜಾಗ ಸಿಗುತ್ತದೆ, 1:48ರವರಿಗೆ ಬರೀ 29 ಮೀಟರ್.

ಯಾವ ದೃಶ್ಯ ಮಾಡಲಿ ಅಂತಲೇ ಗೊತ್ತಾಗುತ್ತಿಲ್ಲ.

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ರೈಲು ಏನು ಹೊರುತ್ತದೆ? ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಸ್ಲೇಟ್ ಕಲ್ಲು ಹೊರುವ ರೈಲಾದರೆ ಪಕ್ಕದಲ್ಲಿ ಒಡೆದ ಕಲ್ಲಿನ ರಾಶಿ, ಬೂದು ಬಣ್ಣದ ಧೂಳು, ಸ್ಲೇಟಿನದೇ ಬೇಲಿ, ಸ್ಲೇಟಿನದೇ ಮಾಡು. ಮರ ಹೊರುವ ರೈಲಾದರೆ ಸಿಪ್ಪೆ, ಗರಗಸದ ಹೊಟ್ಟು, ಕಡಿದ ಬೊಡ್ಡೆಗಳು, ಕೆಸರು.

ನಿಜವಾದ ರೈಲುಗಳಲ್ಲಿ ದೃಶ್ಯಗಳಿಗೆ ಬರವಿಲ್ಲ. ವೇಲ್ಸ್‌ನ ಫೆಸ್ಟಿನಿಯೋಗ್ ರೈಲು 1836ರಲ್ಲಿ ಶುರುವಾಯಿತು. ಗೇಜ್ 597 ಮಿ.ಮೀ. ಸ್ಲೇಟ್ ತುಂಬಿದ ಬಂಡಿಗಳು ಇಳಿಜಾರಿನಲ್ಲಿ ಎಂಜಿನ್ ಇಲ್ಲದೆ ತಮ್ಮ ಭಾರದಿಂದಲೇ ಕೆಳಗಿನ ಬಂದರಿಗೆ ಬರುತ್ತಿದ್ದವು. ಖಾಲಿ ಬಂಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು. ಇಳಿಯುವಾಗ ಆ ಕುದುರೆಗಳೂ ಒಂದು ಬಂಡಿ ಹತ್ತಿ ನಿಂತು ಸವಾರಿ ಮಾಡುತ್ತಿದ್ದವು! ಉಗಿ ಎಂಜಿನ್ ಬಂದದ್ದು 1863ರಲ್ಲಿ. ಅದಕ್ಕಿಂತ ಹಿಂದಿನ ಕಾಲವನ್ನು ಆರಿಸಿಕೊಂಡರೆ ಮೋಟಾರಿನ ತಲೆನೋವೇ ಇಲ್ಲ.

1881ರಲ್ಲಿ ಪೂರ್ತಿಯಾದ ಡಾರ್ಜಿಲಿಂಗ್ ರೈಲು 610 ಮಿ.ಮೀ. ಗೇಜ್‌ನದು. ಅಲ್ಲಿ ಹಳಿ ಅಂಗಡಿಗಳ ಬಾಗಿಲಿಗೆ ತಾಗುವಷ್ಟು ಹತ್ತಿರ ಹೋಗುತ್ತದೆ. ಚಕ್ರ ಜಾರದಂತೆ ಹಳಿಗೆ ಮರಳು ಹಾಕಲು ಎಂಜಿನ್ನಿನ ಮುಂದೆಯೇ ಆಳುಗಳು ಕೂರುತ್ತಿದ್ದರು. ಆ ಎಂಜಿನ್, ಇಬ್ಬರು ಆಳುಗಳು, ಒಂದು ಅಂಗಡಿ: 30 ಸೆಂ.ಮೀ. ಹಲಗೆಗೆ ಬೇರೇನು ಬೇಕು? ಇನ್ನು ಅಮೆರಿಕದ ಕೊಲರಾಡೊದಲ್ಲಿ ಕೆಲವು ಕಡೆ ಮೂರು ಹಳಿಗಳ ದಾರಿ ಇತ್ತು. 914 ಮಿ.ಮೀ. ರೈಲೂ ದೊಡ್ಡ ರೈಲೂ ಅದರ ಮೇಲೇ ಓಡುತ್ತಿದ್ದವು. ಮೂರು ಹಳಿಗಳ ಪಾಯಿಂಟ್ (ರೈಲು ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ) ಕಟ್ಟುವುದು ಮಾತ್ರ ಕಷ್ಟದ ಕೆಲಸ, ಮೊದಲ ಡಯೋರಮಾಗೆ ಬೇಡ.

ಆರಿಸಿದ ಜಾಗದ ಹಳೆಯ ಫೋಟೋಗಳನ್ನು ಆದಷ್ಟು ಸೇರಿಸಿಕೊಳ್ಳಿ. ಬೇರೆಯವರ ಮಾದರಿ ನೋಡಿ ಮಾದರಿ ಮಾಡಬೇಡಿ, ಅವರ ತಪ್ಪುಗಳೂ ನಿಮಗೆ ಬರುತ್ತವೆ.

ಎಷ್ಟು ದೊಡ್ಡದು ಮಾಡಬೇಕು?

ಒಬ್ಬರೇ ಎತ್ತಿಕೊಂಡು ಬಾಗಿಲು ದಾಟುವಷ್ಟು. ಮೊದಲನೆಯದಕ್ಕೆ 30 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದ ಧಾರಾಳ ಆಯಿತು.

ತಳಕ್ಕೆ ಏನು ಬಳಸಲಿ? ಥರ್ಮಾಕೋಲ್ ನಡೆಯುತ್ತಾ?

ಕಾಳು ಕಾಳಾಗಿ ಉದುರುವ ಬಿಳಿ ಥರ್ಮಾಕೋಲ್ ಬೇಡ. ಕತ್ತರಿಸಿದಷ್ಟೂ ಕಸ, ಅಂಚು ನಿಲ್ಲುವುದಿಲ್ಲ. ಕಟ್ಟಡಗಳ ಶಾಖ ತಡೆಯಲು ಬಳಸುವ ಗಟ್ಟಿ ಎಕ್ಸ್‌ಪಿಎಸ್ ಫೋಮ್ ಹಾಳೆ ತನ್ನಿ. 25 ಅಥವಾ 50 ಮಿ.ಮೀ. ದಪ್ಪದ್ದು ಸಾಕು. ಚಾಕುವಿನಿಂದ ಸಲೀಸಾಗಿ ಕೊರೆಯಬಹುದು, ಹಗುರ, ಬಾಗುವುದಿಲ್ಲ. ಸುತ್ತ ತೆಳು ಪ್ಲೈವುಡ್ ಚೌಕಟ್ಟು ಕೊಟ್ಟರೆ ಅಂಚು ಮುಕ್ಕಾಗುವುದಿಲ್ಲ.

ಸಾಲ್ವೆಂಟ್ ಇರುವ ಅಂಟು ಅಥವಾ ಸ್ಪ್ರೇ ಬಣ್ಣ ತಾಗಿದರೆ ಈ ಫೋಮ್ ಕರಗಿ ಗುಳಿ ಬೀಳುತ್ತದೆ. ಮೊದಲು ಅಕ್ರಿಲಿಕ್ ಬಣ್ಣವನ್ನೋ ಪಿವಿಎ ಅಂಟನ್ನೋ (ಮರಕ್ಕೆ ಬಳಸುವ ಬಿಳಿ ಅಂಟು) ಬಳಿದು ಮುಚ್ಚಿ. ಬಿಸಿ ತಂತಿಯಿಂದ ಕತ್ತರಿಸುವುದಾದರೆ ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ.

ನನ್ನ ಹಳಿ ಆಟಿಕೆ ಥರ ಕಾಣುತ್ತದೆ. ಏನು ತಪ್ಪು?

ನೋಡುವವರ ಕಣ್ಣು ಮೊದಲು ಎಂಜಿನ್ ಕಡೆ ಹೋಗುತ್ತದೆ, ಆಮೇಲೆ ಹಳಿಯ ಮೇಲೆ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಸಮಯ ಕೊಟ್ಟಷ್ಟೂ ಲಾಭ.

ಮೊದಲನೆಯದು ಹಳಿಯ ಎತ್ತರ. ಹಳಿಗೆ ಕೋಡ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು ಇಂಚಿನ ಸಾವಿರದ ಲೆಕ್ಕದಲ್ಲಿ ಎತ್ತರ. ಕೋಡ್ 100 ಅಂದರೆ 2.54 ಮಿ.ಮೀ., ಕೋಡ್ 70 ಅಂದರೆ 1.78, ಕೋಡ್ 55 ಅಂದರೆ 1.4. ನ್ಯಾರೋ ಗೇಜ್‌ನಲ್ಲಿ ನಿಜವಾದ ಹಳಿಗಳು ತೆಳ್ಳಗೆ ಇರುತ್ತಿದ್ದವು. ದಪ್ಪ ಕೋಡ್ 100 ಹಾಕಿದರೆ ಎಷ್ಟೇ ಬಣ್ಣ ಬಳಿದರೂ ಆಟಿಕೆಯೇ.

ಆಮೇಲೆ ಸ್ಲೀಪರ್‌ಗಳು, ಅಂದರೆ ಹಳಿಯ ಕೆಳಗೆ ಅಡ್ಡ ಇಡುವ ಮರದ ತುಂಡುಗಳು. ಎಚ್‌ಓ ಹಳಿಯನ್ನು ಹಾಗೇ ಓಎನ್30ಗೆ ಬಳಸಿದರೆ ಸ್ಲೀಪರ್ ಚಿಕ್ಕದಾಗಿ, ಒತ್ತೊತ್ತಾಗಿ ಕಾಣುತ್ತದೆ. ಕಾಡಿನ ರೈಲಿನ ಸ್ಲೀಪರ್‌ಗಳು ಉದ್ದ ಒಂದೇ ಸಮ ಇರುತ್ತಿರಲಿಲ್ಲ, ಅಂತರವೂ ಹೆಚ್ಚುಕಡಿಮೆ. ನ್ಯಾರೋ ಗೇಜ್‌ಗೆಂದೇ ಮಾಡಿದ ಸಿದ್ಧ ಹಳಿ ಸಿಗುತ್ತದೆ. ಆದರೆ ಡಯೋರಮಾದಲ್ಲಿ ಹಳಿಯ ಉದ್ದ ಕಡಿಮೆ ಇರುವುದರಿಂದ ಕೈಯಲ್ಲೇ ಹಾಕಿ ಎಂದು ನಾನು ಹೇಳುತ್ತೇನೆ. ತೆಳು ಮರದ ಪಟ್ಟಿ ಕತ್ತರಿಸಿ, ಅಂಟಿಸುವ ಮೊದಲೇ ಬಣ್ಣ ಕುಡಿಸಿ. ಅಂಟು ತಾಗಿದ ಮರ ಆಮೇಲೆ ಬಣ್ಣ ಕುಡಿಯುವುದಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಕೆಲವು ಹನಿ ಇಂಡಿಯನ್ ಇಂಕ್ ಹಾಕಿ ಅದ್ದಿ ತೆಗೆದರೆ ಬಿಸಿಲುಮಳೆಗೆ ಬೆಳ್ಳಗಾದ ಮರದ ಬೂದು ಬಣ್ಣ ಬರುತ್ತದೆ. ಅಲ್ಲಲ್ಲಿ ತಾಮ್ರದ ಪದರ ಇರುವ ಸ್ಲೀಪರ್ ಹಾಕಿದರೆ ಹಳಿಯನ್ನು ಅದಕ್ಕೆ ಬೆಸುಗೆ ಹಾಕಬಹುದು. ಆ ಪದರವನ್ನು ನಡುವೆ ಗೀರಿ ತೆಗೆಯದಿದ್ದರೆ ಶಾರ್ಟ್ ಸರ್ಕ್ಯೂಟ್ ಗ್ಯಾರಂಟಿ.

ಹಳಿಯ ಬದಿಗಳಿಗೆ ಗಾಢ ಕಂದು ಬಳಿಯಿರಿ. ರೈಲು ಓಡುವ ದಾರಿಯಾದರೆ ಮೇಲ್ಮೈ ಮಾತ್ರ ಹೊಳೆಯಲಿ. ಕೈಬಿಟ್ಟ ದಾರಿಯಾದರೆ ಅದೂ ತುಕ್ಕು.

ಜಲ್ಲಿಯನ್ನು ಅಂಟಿಸುವಾಗ ಗುಡ್ಡೆ ಗುಡ್ಡೆ ಆಗುತ್ತದೆ.

ಅಂಟಿನ ನೀರು ಒಳಗೆ ಇಳಿಯುತ್ತಿಲ್ಲ ಅಂತ ಅರ್ಥ. ಮೊದಲು ಒಣ ಜಲ್ಲಿಯನ್ನು ಮೆತ್ತನೆಯ ಬ್ರಷ್‌ನಿಂದ ಸರಿಯಾಗಿ ಹರಡಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ಮಂಜಿನ ಹಾಗೆ ಸ್ಪ್ರೇ ಮಾಡಿ. ಪೂರ್ತಿ ಒದ್ದೆಯಾದ ಮೇಲೆ ಒಂದು ಪಾಲು ಪಿವಿಎ ಅಂಟಿಗೆ ಎರಡು ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಡ್ರಾಪರ್‌ನಿಂದ ಬಿಡಿ. ಒಣಗುವ ತನಕ ಮುಟ್ಟಬೇಡಿ.

ಕಾಳಿನ ಗಾತ್ರವನ್ನೂ ನೋಡಿ. ನಿಜವಾದ 50 ಮಿ.ಮೀ. ಜಲ್ಲಿ 1:48ರಲ್ಲಿ 1 ಮಿ.ಮೀ., 1:87ರಲ್ಲಿ ಅರ್ಧ ಮಿ.ಮೀ.ಗಿಂತ ತುಸು ಜಾಸ್ತಿ. ಅಂಗಡಿ ಪೊಟ್ಟಣಗಳಲ್ಲಿ ಬರುವುದು ಎಷ್ಟೋ ಸಲ ಇದಕ್ಕಿಂತ ದಪ್ಪ. ಅಷ್ಟಕ್ಕೂ ಬಡ ರೈಲುಗಳು ಜಲ್ಲಿಯನ್ನೇ ಹಾಕುತ್ತಿರಲಿಲ್ಲ. ಎಂಜಿನ್ನಿನ ಬೂದಿ, ಮಣ್ಣು, ಗಣಿಯ ಪುಡಿ, ಏನು ಸಿಕ್ಕರೆ ಅದು. ಸ್ಲೀಪರ್ ಅರ್ಧ ಮುಳುಗಿರಲಿ.

ಬಂಡೆ, ಗುಡ್ಡ ಮಾಡುವುದು ಹೇಗೆ?

ಫೋಮ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಕೊರೆದರೆ ಗುಡ್ಡದ ಆಕಾರ ಬರುತ್ತದೆ. ಅದರ ಮೇಲೆ ಪ್ಲಾಸ್ಟರ್. ಬಂಡೆಗೆ ರಬ್ಬರ್ ಅಚ್ಚುಗಳು ಸಿಗುತ್ತವೆ, ಆದರೆ ಒಂದೇ ಅಚ್ಚನ್ನು ಅದೇ ದಿಕ್ಕಿನಲ್ಲಿ ಎರಡು ಸಲ ಬಳಸಿದರೆ ಕಣ್ಣು ತಕ್ಷಣ ಹಿಡಿಯುತ್ತದೆ. ತಿರುಗಿಸಿ, ಒಡೆದು ಬಳಸಿ. ಬಂಡೆಯ ಪದರಗಳು ಇಡೀ ಡಯೋರಮಾದಲ್ಲಿ ಒಂದೇ ಕಡೆಗೆ ವಾಲಿರಬೇಕು. ಇಷ್ಟು ಸರಿಯಿದ್ದರೆ ಸಾಧಾರಣ ಬಂಡೆಯೂ ನಿಜ ಅನ್ನಿಸುತ್ತದೆ.

ಬಣ್ಣವನ್ನು ದಪ್ಪವಾಗಿ ಬಳಿಯಬೇಡಿ. ತುಂಬಾ ತೆಳು ಮಾಡಿದ ಬೂದು, ಕಂದು, ಮಣ್ಣಿನ ಹಳದಿ ಬಣ್ಣಗಳನ್ನು ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಹಚ್ಚಿ. ಕೊನೆಗೆ ಇಡೀ ಬಂಡೆಯ ಮೇಲೆ ತೆಳು ಕಪ್ಪು ಹರಿಸಿದರೆ ಅದು ಬಿರುಕುಗಳಲ್ಲಿ ನಿಲ್ಲುತ್ತದೆ. ಒಣಗಿದ ಮೇಲೆ ಒಣ ಬ್ರಷ್‌ನಿಂದ ಏಣುಗಳಿಗೆ ತಿಳಿ ಬಣ್ಣ ಸವರಿ.

ನಿಜವಾದ ಮಣ್ಣನ್ನೇ ಬಳಸಬಹುದಾ?

ಖಂಡಿತ. ಅದಕ್ಕಿಂತ ಒಳ್ಳೆಯದು ಇಲ್ಲ. ಓವನ್‌ನಲ್ಲಿ ಬಿಸಿ ಮಾಡಿ ಹುಳ, ಬೂಷ್ಟು ಹೋಗಿಸಿ. ಬೇರೆ ಬೇರೆ ಜರಡಿಗಳಲ್ಲಿ ಸೋಸಿ. ಆಮೇಲೆ ಅದರ ಮೇಲೆ ಒಂದು ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣ ಇದ್ದರೆ ಎಂಜಿನ್ನಿನ ಮೋಟಾರು ಎಳೆದುಕೊಂಡು ಕೆಡುತ್ತದೆ. ಅಂಟು ಬಿದ್ದ ಮಣ್ಣು ಒಣಗಿದ ಮೇಲೆ ಗಾಢವಾಗುತ್ತದೆ, ಹಾಗಾಗಿ ತುಸು ತಿಳಿ ಬಣ್ಣದ್ದನ್ನೇ ಆರಿಸಿ.

ಹುಲ್ಲು?

ಸ್ಟ್ಯಾಟಿಕ್ ಗ್ರಾಸ್ ಎಂಬ ನಾರು ಸಿಗುತ್ತದೆ. ವಿದ್ಯುತ್ ಚಾರ್ಜ್ ಕೊಡುವ ಒಂದು ಕೈ ಯಂತ್ರದಿಂದ ಉದುರಿಸಿದರೆ ನಾರುಗಳು ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಉದ್ದದ ಲೆಕ್ಕ ಮರೆಯಬೇಡಿ. 1:87ರಲ್ಲಿ 2 ಮಿ.ಮೀ. ನಾರು ಅಂದರೆ 17 ಸೆಂ.ಮೀ. ಹುಲ್ಲು, 6 ಮಿ.ಮೀ. ಅಂದರೆ ಮೊಣಕಾಲು ದಾಟುವ 52 ಸೆಂ.ಮೀ. 1:48ರಲ್ಲಿ ಅದೇ 6 ಮಿ.ಮೀ. ಬರೀ 29 ಸೆಂ.ಮೀ. ಒಂದೇ ಹಸಿರು ಹಾಕಿದರೆ ಕಾರ್ಪೆಟ್ ಹಾಸಿದಂತೆ ಕಾಣುತ್ತದೆ. ಒಣಹುಲ್ಲಿನ ಬಣ್ಣ ಕಲಸಿ, ಎರಡು ಮೂರು ಉದ್ದ ಬೆರೆಸಿ, ಜನ ನಡೆಯುವ ಕಡೆ ಬರಿ ಮಣ್ಣು ಬಿಡಿ.

ತೊರೆ, ಹೊಂಡಕ್ಕೆ ನೀರು?

ಎರಡು ಭಾಗದ ಎಪಾಕ್ಸಿ ರೆಸಿನ್. ತೆಳು ಪದರಗಳಲ್ಲಿ ಹೊಯ್ಯಿರಿ. ಒಂದೇ ಸಲ ದಪ್ಪ ಹೊಯ್ದರೆ ಬಿಸಿಯೇರಿ ಬಿರುಕು ಬಿಡಬಹುದು. ಕೆಳಗೆ ಸೂಜಿಮೊನೆಯಷ್ಟು ತೂತು ಇದ್ದರೂ ರಾತ್ರಿ ಕಳೆಯುವುದರೊಳಗೆ ಎಲ್ಲ ಮೇಜಿನ ಮೇಲಿರುತ್ತದೆ. ಆಳ ಬರುವುದು ರೆಸಿನ್‌ನಿಂದಲ್ಲ, ತಳಕ್ಕೆ ಬಳಿದ ಬಣ್ಣದಿಂದ: ನಡುವೆ ಗಾಢ, ದಡಕ್ಕೆ ಬಂದಂತೆ ತಿಳಿ.

ರೈಲು ಓಡಲೇಬೇಕು ಅಂತ ಆಸೆ. ಪುಟ್ಟ ಎಂಜಿನ್ ನಿಂತು ನಿಂತು ಹೋಗುತ್ತದೆ.

ನಾಲ್ಕು ಚಕ್ರದ ಎಂಜಿನ್‌ಗಳ ಹಣೆಬರಹವೇ ಅದು. ಹಳಿಯಿಂದ ಕರೆಂಟ್ ತೆಗೆದುಕೊಳ್ಳಲು ನಾಲ್ಕೇ ಜಾಗ. ಒಂದು ಚಕ್ರ ಕೊಳೆಯಾದರೆ, ಇನ್ನೊಂದು ಪಾಯಿಂಟ್‌ನ ಪ್ಲಾಸ್ಟಿಕ್ ಫ್ರಾಗ್ (ಎರಡು ಹಳಿಗಳು ಒಂದನ್ನೊಂದು ದಾಟುವ ತುಂಡು) ಮೇಲೆ ಇದ್ದರೆ ಮುಗಿಯಿತು. ಲೋಹದ ಫ್ರಾಗ್ ಇರುವ ಪಾಯಿಂಟ್ ಹಾಕಿ, ಅದಕ್ಕೂ ಕರೆಂಟ್ ಕೊಡಿ. ಪ್ರತಿ ಹಳಿ ತುಂಡಿಗೂ ಕೆಳಗಿನಿಂದ ಒಂದು ವೈರ್ ಬೆಸುಗೆ ಹಾಕಿ, ಜೋಡಣೆಯ ಕ್ಲಿಪ್‌ಗಳನ್ನು ನಂಬಬೇಡಿ. ಡಿಸಿಸಿ (ಡಿಜಿಟಲ್ ನಿಯಂತ್ರಣ) ಬಳಸುವವರು ಕರೆಂಟ್ ತಪ್ಪಿದ ಕ್ಷಣದಲ್ಲೂ ಎಂಜಿನ್ ಓಡಿಸುವ, ಕೆಪಾಸಿಟರ್ ಇರುವ ಸ್ಟೇ ಅಲೈವ್ ಸೇರಿಸಬಹುದು, ಎಂಜಿನ್ನಿನೊಳಗೆ ಜಾಗ ಇದ್ದರೆ. ಜಾಗ ಇಲ್ಲದಿದ್ದರೆ ಹಿಂದಿನ ಬೋಗಿಯಲ್ಲಿ ಅಡಗಿಸಿ.

ಏರು ಕೊಡುವಾಗ ಲೆಕ್ಕ ಹಾಕಿ. ಒಂದು ಹಳಿ ಇನ್ನೊಂದರ ಮೇಲೆ 60 ಮಿ.ಮೀ. ಎತ್ತರದಲ್ಲಿ ದಾಟಬೇಕಾದರೆ, 25ಕ್ಕೆ 1ರ ಕಡಿದಾದ ಏರಿನಲ್ಲೂ ಒಂದೂವರೆ ಮೀಟರ್ ದಾರಿ ಬೇಕು. ಪುಟ್ಟ ಡಯೋರಮಾದಲ್ಲಿ ಇದು ಆಗದ ಮಾತು.

ಕಟ್ಟಡಕ್ಕೆ ಕಿಟ್ ಕೊಳ್ಳಲಾ, ನಾನೇ ಕಟ್ಟಲಾ?

ಒಂದು ಕಿಟ್ ಜೋಡಿಸಿ ಕೈ ಪಳಗಲಿ, ಮುಂದಿನದನ್ನು ನೀವೇ ಕಟ್ಟಿ. ನ್ಯಾರೋ ಗೇಜ್ ಕಟ್ಟಡಗಳು ಅಂದರೆ ಹೆಚ್ಚಾಗಿ ಹಲಗೆ ಮತ್ತು ಸುಕ್ಕುತಗಡು. 15 ಸೆಂ.ಮೀ. ಅಗಲದ ಹಲಗೆ 1:48ರಲ್ಲಿ ಸುಮಾರು 3 ಮಿ.ಮೀ. ಒಂದೊಂದಾಗಿ ಅಂಟಿಸಬಹುದು. ಮೊದಲು ಕಾರ್ಡ್‌ಬೋರ್ಡ್‌ನಲ್ಲಿ ಒಂದು ಅಂದಾಜು ಕಟ್ಟಡ ಮಾಡಿ ಜಾಗದಲ್ಲಿಟ್ಟು ಕೆಲವು ದಿನ ನೋಡಿ. ಎಷ್ಟೋ ಸಲ ದೊಡ್ಡದಾಯಿತು ಅಂತ ಆಗಲೇ ಗೊತ್ತಾಗುತ್ತದೆ.

3ಡಿ ಪ್ರಿಂಟರ್ ಬೇಕಾ?

ಬೇಕೇ ಬೇಕು ಅಂತಿಲ್ಲ. ಬಂಡಿಯ ಬೋಲ್ಟು, ದೀಪ, ಹಲ್ಲಿನ ಚಕ್ರದಂಥ ಸಣ್ಣ ವಸ್ತುಗಳಿಗೆ ರೆಸಿನ್ ಪ್ರಿಂಟರ್ ಚೆನ್ನ. ಹಸಿ ರೆಸಿನ್ ಚರ್ಮಕ್ಕೆ ತಾಗಬಾರದು, ಕೈಗವಸು ಹಾಕಿ. ಮರದ ವಸ್ತುವನ್ನು ಮಾತ್ರ ಮರದಲ್ಲೇ ಮಾಡಿ.

ಹೊಸದನ್ನು ಹಳತು ಮಾಡುವುದು ಹೇಗೆ?

ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಯೋಚಿಸಿ. ತುಕ್ಕು ಅಲ್ಲಿಂದ ಶುರುವಾಗಿ ಕೆಳಕ್ಕೆ ಹರಿಯುತ್ತದೆ. ಗೋಡೆಯ ಬುಡಕ್ಕೆ ಮಣ್ಣು ಸಿಡಿದಿರುತ್ತದೆ. ಎಂಜಿನ್ ಶೆಡ್ಡಿನ ಬಾಗಿಲ ಮೇಲ್ಭಾಗಕ್ಕೆ ಮಸಿ. ಉಗಿ ಎಂಜಿನ್ನಿನ ನೀರು ತುಂಬುವ ಬಾಯಿಯ ಸುತ್ತ ಬಿಳಿ ಕಲೆ. ಇದಕ್ಕೆ ಪಿಗ್ಮೆಂಟ್ ಪುಡಿ, ಎಣ್ಣೆ ಬಣ್ಣ, ತೆಳು ಅಕ್ರಿಲಿಕ್ ಯಾವುದಾದರೂ ಆಗುತ್ತದೆ.

ಕಿತ್ತುಹೋದ ಬಣ್ಣಕ್ಕೆ ಒಂದು ಉಪಾಯ ಇದೆ. ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಹೇರ್‌ಸ್ಪ್ರೇ, ಮೇಲೆ ಅಕ್ರಿಲಿಕ್. ಒಣಗಿದ ಮೇಲೆ ನೀರು ಹಚ್ಚಿ ಗಟ್ಟಿ ಬ್ರಷ್‌ನಿಂದ ಉಜ್ಜಿದರೆ ಮೇಲಿನ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಎಲ್ಲವನ್ನೂ ಒಂದೇ ಸಮ ಹಾಳು ಮಾಡಬೇಡಿ. ಕೆಲಸಕ್ಕೆ ಬಳಸುವ ಎಂಜಿನ್ನಿನ ಹಿಡಿಗಳು ಕೈ ತಾಗಿ ತಾಗಿ ಹೊಳೆಯುತ್ತಿರುತ್ತವೆ.

ಎಷ್ಟು ವಿವರ ಸಾಕು? ತುಂಬಿದಷ್ಟೂ ಚೆನ್ನ ಅಲ್ವಾ?

ಅಲ್ಲ. ಪೀಪಾಯಿ, ಪೆಟ್ಟಿಗೆ, ಬೆಕ್ಕು, ಸೈಕಲ್ಲು, ಏಣಿ ಎಲ್ಲ ತಂದು ಸುರಿದರೆ ಅದು ಗುಜರಿ ಅಂಗಡಿ ಆಗುತ್ತದೆ. ಪ್ರತಿ ವಸ್ತುವಿಗೂ ಅಲ್ಲಿರಲು ಕಾರಣ ಬೇಕು. ಏಣಿ ಇದೆಯಾ? ಹಾಗಾದರೆ ಮೇಲೆ ಯಾರೋ ಏನೋ ರಿಪೇರಿ ಮಾಡುತ್ತಿದ್ದಾರೆ, ಅಲ್ಲಿ ಕಿತ್ತ ತಗಡು ಇರಲಿ, ಕೆಳಗೆ ಹೊಸ ತಗಡು ಕಾಯುತ್ತಿರಲಿ. ಎಣ್ಣೆ ಪೀಪಾಯಿ ಇದ್ದರೆ ಕೆಳಗೆ ಕಪ್ಪು ಕಲೆ, ಪಕ್ಕದಲ್ಲಿ ಹುಲ್ಲು ಸತ್ತಿರಲಿ.

ವಿವರಗಳನ್ನು ಎರಡು ಮೂರು ಕಡೆ ಗುಂಪಾಗಿ ಇಟ್ಟು ನಡುವೆ ಖಾಲಿ ಬಿಡಿ. ಆ ಖಾಲಿ ಜಾಗ ಬಿಡುವುದು ಸುಮ್ನೆ ಹೇಳಿದಷ್ಟು ಸುಲಭ ಅಲ್ಲ, ಕೈ ತಡೆಯುವುದಿಲ್ಲ. ಜನರಿಗೂ ಇದೇ ಮಾತು. ಓಡುವ ಭಂಗಿಯ ಗೊಂಬೆ ಯಾವತ್ತೂ ಓಡುತ್ತಲೇ ಇರುತ್ತದೆ, ನೋಡಿದಾಗಲೆಲ್ಲ ಸುಳ್ಳು ಅನ್ನಿಸುತ್ತದೆ. ನಿಂತವರು, ಕೂತವರು, ಗೋಡೆಗೆ ಒರಗಿದವರನ್ನು ಆರಿಸಿ.

ಹಿಂದಿನ ಪರದೆ, ಬೆಳಕು?

ಪರದೆಯ ಮೂಲೆಗಳು ಬಾಗಿರಲಿ, ಚೂಪಾದ ಮೂಲೆ ಕಂಡರೆ ಆಕಾಶ ಪೆಟ್ಟಿಗೆಯಾಗುತ್ತದೆ. ಬಣ್ಣ ತೀರಾ ತಿಳಿಯಾಗಿರಲಿ. ಹಿಂದೆ ಹೋದಂತೆ ಮರಗಳು ಚಿಕ್ಕದಾಗಲಿ, ಬಣ್ಣ ಮಾಸಲಿ. 1:87ರ ಡಯೋರಮಾದ ಹಿಂಬದಿಗೆ 1:160ರ ಮನೆ ಇಟ್ಟರೆ ದೂರ ಹೆಚ್ಚಿದಂತೆ ಕಾಣುತ್ತದೆ. ಮಾದರಿ ರೈಲು ಕಟ್ಟುತ್ತಿದ್ದ ಅಮೆರಿಕದ ಜಾನ್ ಆ್ಯಲೆನ್ ತಮ್ಮ ಲೇಔಟ್‌ನಲ್ಲಿ ಕನ್ನಡಿಗಳನ್ನು ಅಡಗಿಸಿ ಜಾಗ ಹಿಗ್ಗಿಸುತ್ತಿದ್ದರು. ಕನ್ನಡಿಯ ಅಂಚು ಕಾಣದಂತೆ ಮರವೋ ಗೋಡೆಯೋ ಅಡ್ಡ ಇರಬೇಕು, ಅಷ್ಟೇ.

ಬೆಳಕಿಗೆ 4,000ದಿಂದ 5,000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಸಿಆರ್‌ಐ (ವಸ್ತುಗಳ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕಿಂತ ಮೇಲಿನ ಎಲ್‌ಇಡಿ ಒಳ್ಳೆಯದು. ಬಣ್ಣ ಹಚ್ಚುವಾಗಲೂ ಅದೇ ಬೆಳಕು ಇರಲಿ.

ಫೋಟೋ ತೆಗೆದರೆ ಮೇಜಿನ ಮೇಲಿನ ಆಟಿಕೆ ಅನ್ನಿಸುತ್ತದೆ.

ಮೇಲಿನಿಂದ ತೆಗೆಯುತ್ತಿದ್ದೀರಿ. ಕ್ಯಾಮೆರಾವನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಿ. ಮುಂದೆ ಹಿಂದೆ ಎರಡೂ ಸ್ಪಷ್ಟ ಬರಬೇಕಾದರೆ ಬೇರೆ ಬೇರೆ ಫೋಕಸ್‌ನಲ್ಲಿ ಹಲವು ಫೋಟೋ ತೆಗೆದು ಫೋಕಸ್ ಸ್ಟ್ಯಾಕಿಂಗ್ ಸಾಫ್ಟ್‌ವೇರ್‌ನಲ್ಲಿ ಸೇರಿಸಿ. ಕ್ಯಾಮೆರಾ ನಿಮ್ಮ ಕಣ್ಣು ಬಿಟ್ಟದ್ದನ್ನೂ ತೋರಿಸುತ್ತದೆ: ಅಂಟಿನ ಹೊಳಪು, ನೆಲಕ್ಕೆ ತಾಗದ ಗೋಡೆ, ಗಾಳಿಯಲ್ಲಿ ತೇಲುವ ಕಾಲು. ಕೆಲಸದ ನಡುವೆಯೇ ಆಗಾಗ ತೆಗೆದು ನೋಡಿ.

ಧೂಳು ಕೂತರೆ ಏನು ಮಾಡಲಿ?

ಕೂರದಂತೆ ಅಕ್ರಿಲಿಕ್ ಪೆಟ್ಟಿಗೆಯೊಳಗೆ ಇಡಿ. ಆಗಲೇ ಕೂತಿದ್ದರೆ ಮೆತ್ತನೆಯ ಮೇಕಪ್ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಬಳಸುವುದಾದರೆ ಬಾಯಿಗೆ ತೆಳು ಬಟ್ಟೆ ಕಟ್ಟಿ, ಎಳೆದುಕೊಂಡ ಸಣ್ಣ ವಸ್ತುಗಳು ಬಟ್ಟೆಯಲ್ಲಿ ಉಳಿಯುತ್ತವೆ. ನೇರ ಬಿಸಿಲು ಬೀಳುವ ಕಡೆ ಇಡಬೇಡಿ, ಹುಲ್ಲಿನ ಬಣ್ಣ ಮೊದಲು ಹೋಗುತ್ತದೆ.